ಒಂದು ಮನೆಯ ಎರಡು ಬೆನ್ನುಗಳು

ದೇಹದ ಅವಯವಗಳಲ್ಲಿ ಬೆನ್ನಿನಷ್ಟು ಮರ್ಯಾದಸ್ಥವಾದುದು ಇನ್ನೊಂದಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ಹೊಟ್ಟೆ ದಿನಕ್ಕೆ ಮೂರು ಸಲ ತನ್ನ ಇರವನ್ನು ಸಾರುತ್ತದೆ. ಕಣ್ಣು ನಲವತ್ತು ದಾಟಿದೊಡನೆ ಕನ್ನಡಕ ಬೇಡುತ್ತದೆ. ಹಲ್ಲಿನ ಮಾತನ್ನಂತೂ ಹೇಳುವುದೇ ಬೇಡ. ಬೆನ್ನು ಮಾತ್ರ ನಮ್ಮ ಕಣ್ಣಿಗೆ ಬೀಳದೆ, ಹೊಗಳಿಕೆಯನ್ನೂ ಬಯಸದೆ, ಹಿಂದೆ ನಿಂತು ಹೊರೆ ಹೊರುತ್ತಿರುತ್ತದೆ. ಈ ನಂಬಿಕೆ ಕಳೆದ ವರ್ಷ ಯುಗಾದಿಗೆ ಎರಡು ವಾರ ಮುಂಚೆ ಮುರಿಯಿತು. ಸಂಘದ ವಿಶೇಷ ಸಂಚಿಕೆಗೆಂದು ತರಿಸಿದ್ದ ಕಾಗದದ ಕಟ್ಟೊಂದನ್ನು ನೆಲದಿಂದ ಎತ್ತಲು ನಾವು ಬಗ್ಗಿದೆವು. ಬಗ್ಗುವುದು ನಮ್ಮ ಸ್ವಾಧೀನದಲ್ಲಿತ್ತು, ಏಳುವುದು ಇರಲಿಲ್ಲ. ಸೊಂಟಕ್ಕೆ ಯಾರೋ ಬೀಗ ಹಾಕಿ ಕೀಲಿಕೈಯನ್ನು ಒಯ್ದಂತಾಯಿತು. ಸಾಹಿತ್ಯದ ಭಾರ ಎಷ್ಟೆಂಬುದು ನಮಗೆ ಅಂದು ಸ್ಪಷ್ಟವಾಗಿ ತಿಳಿಯಿತು.

ನಮ್ಮ ಮನೆ ಸೇಲಂ ಪಟ್ಟಣದ ಗುಗೈ ಭಾಗದಲ್ಲಿದೆ, ನೇಕಾರರ ಬೀದಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇದು ತಲೆಮಾರುಗಳಿಂದ ನಡೆದುಬಂದ ಏರ್ಪಾಡು. ಉಳುಕಿನ ವಿಷಯದಲ್ಲಂತೂ ಎರಡು ಭಾಷೆಗಳಿಗೆ ಜಗಳವೇ ಇಲ್ಲ. ನಾವು ಉಳುಕು ಎಂದರೆ ಅವರು ಸುಳುಕ್ಕು ಎನ್ನುತ್ತಾರೆ, ನೋವು ಒಂದೇ. ನಮ್ಮನ್ನು ಹಾಸಿಗೆಯ ಮೇಲೆ ಕೆಡವಿದ ಸುದ್ದಿ ಬೀದಿಗೆ ಹರಡಿದೊಡನೆ, ಬಂದವರೆಲ್ಲ ವೈದ್ಯರಾದರು. ಒಬ್ಬರು ಬಿಸಿ ಮರಳಿನ ಶಾಖವೆಂದರು. ಇನ್ನೊಬ್ಬರು ಹರಳೆಣ್ಣೆ ಎಂದರು. ಮತ್ತೊಬ್ಬರು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನನ್ನು ಮೆಟ್ಟಿಸಿದರೆ ಉಳುಕು ಬಿಟ್ಟುಹೋಗುತ್ತದೆಂದು ಹೇಳಿ, ಎದುರು ಮನೆಯ ಏಳನೆಯ ತರಗತಿಯ ಹುಡುಗನನ್ನು ಕರೆತಂದೇಬಿಟ್ಟರು. ಅವನು ಹುಟ್ಟುವಾಗ ಲೋಕಕ್ಕೆ ಮೊದಲು ಪಾದ ತೋರಿಸಿದವನಂತೆ. ಸುಸಂಸ್ಕೃತನಾದ ಹುಡುಗ, ಹಿರಿಯರನ್ನು ಮೆಟ್ಟುವುದು ಹೇಗೆಂದು ಹಿಂಜರಿದು, ಮೊದಲು ನಮ್ಮ ಪಾದ ಮುಟ್ಟಿ ನಮಸ್ಕರಿಸಿ, ಅನಂತರ ತನ್ನ ಪಾದವನ್ನು ನಮ್ಮ ಬೆನ್ನ ಮೇಲೆ ಇಟ್ಟನು. ನೋವು ಹೋಗಲಿಲ್ಲ. ಆದರೆ ನಗು ಬಂದಿತು; ನಕ್ಕಾಗ ನೋವು ಇಮ್ಮಡಿಯಾಯಿತು.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಆ ವಾರ ಊರಿಗೆ ಬಂದಿದ್ದನು. "ಚಿಕ್ಕಪ್ಪ, ಇದಕ್ಕೆಲ್ಲ ಈಗ ಕೈರೋಪ್ರಾಕ್ಟಿಕ್ ಎಂಬ ಚಿಕಿತ್ಸೆ ಇದೆ. ಒಂದೇ ಸಲಕ್ಕೆ ನೆಟ್ಟಗಾಗುತ್ತದೆ" ಎಂದು ತನ್ನ ಫೋನಿನಲ್ಲಿ ಚಿತ್ರ ತೋರಿಸಿದನು. ಎತ್ತರದ ಮಂಚದ ಮೇಲೆ ಒಬ್ಬರು ಮಲಗಿದ್ದಾರೆ. ಬಲಿಷ್ಠನಾದ ಇನ್ನೊಬ್ಬನು ಅವರ ತಲೆಯನ್ನು ಎರಡು ಕೈಗಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸುತ್ತಾನೆ. ಲಟಕ್ಕೆಂದು ಸದ್ದಾಗುತ್ತದೆ. ಮಲಗಿದ್ದವರು ಎದ್ದು ಕಣ್ಣೀರಿಡುತ್ತ ನಗುತ್ತಾರೆ. ಬಾಗಿಲ ಬಳಿ ನಿಂತು ನೋಡುತ್ತಿದ್ದ ಅಣ್ಣ, "ಇದಕ್ಕೆ ಬೆಂಗಳೂರೇಕಪ್ಪಾ? ನಮ್ಮ ಕ್ಷೌರದಂಗಡಿಯಲ್ಲಿ ತಲೆಗೆ ಎಣ್ಣೆ ತಿಕ್ಕಿಸಿಕೊಂಡರೆ ಈ ಲಟಕ್ಕು ಪುಕ್ಕಟೆ" ಎಂದನು.

ಹಾಸಿಗೆ ಹಿಡಿದ ಮನುಷ್ಯನಿಗೆ ಹೊತ್ತು ಹೋಗುವುದು ಕಷ್ಟ. ಮಾಸ್ತರಿಕೆಯಿಂದ ನಿವೃತ್ತರಾದವರಿಗೆ ಓದುವ ಚಟ ಬಿಡುವುದೂ ಕಷ್ಟ. ಹೀಗಾಗಿ ಈ ಹೊಸ ಹೆಸರಿನ ಪೂರ್ವೋತ್ತರವನ್ನು ತಿಳಿಯಲು ತೊಡಗಿದೆವು. ತಿಳಿದುದನ್ನು ವಾಚಕರಿಗೆ ಸಂಗ್ರಹವಾಗಿ ಒಪ್ಪಿಸುತ್ತೇವೆ.

ಅಮೆರಿಕದ ಅಯೋವ ಸಂಸ್ಥಾನದಲ್ಲಿ ಡೇವನ್‌ಪೋರ್ಟ್ ಎಂಬ ಊರಿದೆ. ಅಲ್ಲಿ ಡಿ. ಡಿ. ಪಾಮರ್ ಎಂಬ ಒಬ್ಬ ಚಿಕಿತ್ಸಕನಿದ್ದನು. ವೈದ್ಯ ಪದವಿ ಪಡೆದವನಲ್ಲ. ಕೈಯಲ್ಲಿ ಅಯಸ್ಕಾಂತದಂಥ ಶಕ್ತಿಯಿದೆಯೆಂದು ಹೇಳಿ ರೋಗಿಗಳನ್ನು ಮುಟ್ಟಿ ಗುಣಪಡಿಸುವೆನೆನ್ನುವವನು. ಅವನ ಕಟ್ಟಡದಲ್ಲಿ ಕಸಗುಡಿಸುವ ಕೆಲಸಕ್ಕೆ ಹಾರ್ವೆ ಲಿಲ್ಲರ್ಡ್ ಎಂಬುವನಿದ್ದನು. ಅವನಿಗೆ ಕಿವಿ ಮಂದ. ಬಗ್ಗಿ ಶ್ರಮದ ಕೆಲಸ ಮಾಡುವಾಗ ಬೆನ್ನಿನಲ್ಲಿ ಏನೋ ಸರಿದಂತಾಯಿತು, ಆಮೇಲೆ ಕಿವಿ ಹೋಯಿತು ಎಂಬುದು ಅವನ ಮಾತು. 1895ರ ಸೆಪ್ಟೆಂಬರ್ 18ರಂದು ಪಾಮರನು ಅವನ ಬೆನ್ನಿನ ಉಬ್ಬಿದ ಮಣಿಯೊಂದನ್ನು ಅದುಮಿ ಸ್ವಸ್ಥಾನಕ್ಕೆ ತಂದನೆಂದೂ ಅವನಿಗೆ ಕಿವಿ ಕೇಳಿಸಿತೆಂದೂ ಆ ಪಂಥದವರ ಪುರಾಣ ಹೇಳುತ್ತದೆ. ಗ್ರೀಕ್ ಭಾಷೆಯಲ್ಲಿ ಕೈ ಎಂಬರ್ಥದ ಒಂದು ಮಾತನ್ನೂ ಕೆಲಸ ಎಂಬರ್ಥದ ಇನ್ನೊಂದು ಮಾತನ್ನೂ ಕೂಡಿಸಿ ಪಾಮರನ ಮಿತ್ರನಾದ ಪಾದ್ರಿಯೊಬ್ಬನು ಈ ವಿದ್ಯೆಗೆ ಹೆಸರಿಟ್ಟನು. ನಮ್ಮ ಮಾತಿನಲ್ಲಿ ಕೈಗೆಲಸ ಎಂದರೆ ಸಾಕು. 1897ರಲ್ಲಿ ಶಾಲೆಯೂ ತೆರೆಯಿತು. ಪರವಾನಗಿ ಇಲ್ಲದೆ ವೈದ್ಯ ಮಾಡಿದನೆಂದು 1906ರಲ್ಲಿ ಪಾಮರನು ಸೆರೆಮನೆಯನ್ನೂ ಕಂಡುಬಂದನು.

ಬೆನ್ನನ್ನು ಒತ್ತಿದರೆ ಕಿವಿ ಕೇಳುವುದೆಂತು? ಕಿವಿಯ ನರ ತಲೆಬುರುಡೆಯ ಒಳಗೇ ಮಿದುಳನ್ನು ಸೇರಿಬಿಡುತ್ತದೆ. ಬೆನ್ನಿಗೆ ಇಳಿಯುವ ಗೋಜಿಗೇ ಹೋಗುವುದಿಲ್ಲ. ಆದರೆ ಪಾಮರನು ಇಲ್ಲಿಂದ ಒಂದು ದೊಡ್ಡ ಸಿದ್ಧಾಂತಕ್ಕೆ ಜಿಗಿದನು: ಬಹುಪಾಲು ರೋಗಗಳಿಗೆ ಬೆನ್ನೆಲುಬಿನ ಮಣಿ ತುಸು ಸರಿದಿರುವುದೇ ಮೂಲ, ಮಣಿಯನ್ನು ಕೂರಿಸಿದರೆ ರೋಗ ತಾನಾಗಿ ಹೋಗುತ್ತದೆ. ಈ ಮಾತಿಗೆ ವಿಜ್ಞಾನದ ಆಧಾರ ದೊರೆಯಲಿಲ್ಲ. ಇಷ್ಟಾದರೂ ಆ ಪಂಥ ಅಳಿಯಲಿಲ್ಲ. ಒಂದೊಂದೇ ಸಂಸ್ಥಾನವು ಅದಕ್ಕೆ ಪರವಾನಗಿ ಕೊಡುತ್ತ ಬಂದು, 1974ರಲ್ಲಿ ಲೂಸಿಯಾನವು ಕೊಡುವುದರೊಂದಿಗೆ ಇಡೀ ಅಮೆರಿಕ ಮುಗಿಯಿತು. ಅಲ್ಲಿ ಇಂದು ಈ ವೃತ್ತಿಗೆ ಬರುವವರು ಕಾಲೇಜಿನ ಓದಿನ ಮೇಲೆ ವರ್ಷಗಟ್ಟಲೆ ಅಂಗರಚನೆಯನ್ನೂ ರೋಗಪರೀಕ್ಷೆಯನ್ನೂ ಕಲಿತು ಬರಬೇಕು. ಅವರಲ್ಲಿ ಅನೇಕರು ಪಾಮರನ ದೊಡ್ಡ ಸಿದ್ಧಾಂತವನ್ನು ಬದಿಗಿಟ್ಟು ಬೆನ್ನು, ಕತ್ತು, ಕೀಲು, ಸ್ನಾಯು ಇವುಗಳ ನೋವಿಗೆ ತಮ್ಮ ಕೈಯನ್ನು ಸೀಮಿತಗೊಳಿಸಿಕೊಂಡಿದ್ದಾರೆ. ನಮ್ಮ ದೇಶದಲ್ಲಿ ಈ ವೃತ್ತಿಗೆ ಪ್ರತ್ಯೇಕ ಕಾನೂನಾಗಲಿ ನೋಂದಣಿ ಮಂಡಲಿಯಾಗಲಿ ಇಲ್ಲ. ಆದಕಾರಣ ಹೊರದೇಶದಲ್ಲಿ ಕ್ರಮವಾಗಿ ಕಲಿತು ಬಂದವನೂ, ನಾಲ್ಕು ದಿನ ಫೋನು ನೋಡಿ ಕಲಿತವನೂ ಒಂದೇ ಬಗೆಯ ಫಲಕವನ್ನು ತೂಗುಹಾಕಬಹುದು. ಫಲಕವನ್ನು ಓದಿ ಒಳಗೆ ಹೋಗುವವರಿಗೆ ವ್ಯತ್ಯಾಸ ತಿಳಿಯುವುದು ಹೇಗೆ?

ಹಾಗೆಂದು ಕೈಗೆಲಸವೇ ಹೊಸದೆಂದು ಹೇಳಲಾಗದು. ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಗ್ರೀಸಿನ ಹಿಪ್ಪೋಕ್ರೆಟಿಸನ ಹೆಸರಿನಲ್ಲಿರುವ ಕೀಲುಗಳ ಗ್ರಂಥದಲ್ಲಿ, ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ ಎರಡು ಕಡೆಯಿಂದ ಎಳೆದು ಬೆನ್ನಿನ ಉಬ್ಬನ್ನು ಕೈಯಿಂದ ಅದುಮುವ ವಿಧಾನವಿದೆ. ಪಾದದಿಂದ ಮೆಟ್ಟಿದರೂ ಆಗಬಹುದೆಂಬ ಮಾತೂ ಇದೆ. ಎದುರು ಮನೆಯ ಹುಡುಗನಿಗೆ ಇದನ್ನು ಹೇಳಿದಾಗ ಅವನಿಗೆ ಬಹಳ ಸಮಾಧಾನವಾಯಿತು.

ನಮ್ಮ ಸೀಮೆಯಲ್ಲಿಯಾದರೂ ಕೈಗೆ ಕೊರತೆಯಿಲ್ಲ. ಪುತ್ತೂರು ಕಟ್ಟು ಎಂಬ ಫಲಕ ಕಾಣದ ಪೇಟೆ ಈ ಕಡೆ ಅಪೂರ್ವ. ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ. ತಿರುಪತಿಗೆ ಸಮೀಪದ ಆಂಧ್ರದ ಊರು. ಮುರಿದ ಮೂಳೆಗೆ ಸೊಪ್ಪಿನ ಲೇಪ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ ಇವುಗಳಿಂದ ಕಟ್ಟು ಕಟ್ಟುವ ಮನೆತನದ ಕೀರ್ತಿ ಅಲ್ಲಿಂದ ಹೊರಟು ನಾಲ್ಕು ರಾಜ್ಯಗಳಿಗೆ ಹಬ್ಬಿತು. ಕೀರ್ತಿಯ ಹಿಂದೆಯೇ ಆ ಹೆಸರನ್ನು ಎರವಲು ಪಡೆದವರೂ ಹಬ್ಬಿದರು. ಇನ್ನು ಧರ್ಮಪುರಿಯಿಂದ ಸುಮಾರು 46 ಕಿಲೋಮೀಟರಿನಲ್ಲಿರುವ ಹೊಗೆನಕಲ್ಲು ಇದ್ದೇ ಇದೆ. ಹೊಗೆಯೇಳುವ ಕಲ್ಲು ಎಂದು ಅಚ್ಚಗನ್ನಡದಲ್ಲಿ ಹೆಸರಿಟ್ಟುಕೊಂಡು ತಮಿಳುನಾಡಿನ ಅಂಚಿನಲ್ಲಿ ಭೋರ್ಗರೆಯುವ ಆ ಜಲಪಾತದ ಬಳಿ, ಎಣ್ಣೆ ಬಾಟಲಿ ಹಿಡಿದು ಬಂಡೆಗಳ ಮೇಲೆ ಕಾದಿರುವ ಮಾಲೀಸಿನವರನ್ನು ನೋಡದವರಾರು? ಅವರು ತಲೆಯಿಂದ ಹಿಮ್ಮಡಿಯವರೆಗೆ ಎಣ್ಣೆ ಹಾಕಿ ನೀವಿ, ತಟ್ಟಿ, ಬೆರಳಿನ ನಟಿಕೆಗಳನ್ನೆಲ್ಲ ಮುರಿದು, ಕಡೆಗೆ ಧಾರೆಯ ಕೆಳಗೆ ನಿಲ್ಲಿಸಿ ಕಳುಹಿಸುತ್ತಾರೆ. ಸಂಕಗಿರಿಯ ಲಾರಿ ಚಾಲಕರು, ಜವ್ವರಿಸಿ ಕಾರ್ಖಾನೆಯಲ್ಲಿ ಮೂಟೆ ಹೊರುವವರು, ಕಲ್ಲುಗಣಿಯವರು, ನಮ್ಮಂಥ ಮಗ್ಗದ ಮನೆಯವರು, ಈ ಎರಡು ಜಿಲ್ಲೆಗಳ ದಣಿದ ಬೆನ್ನುಗಳೆಲ್ಲ ಎಂದಾದರೂ ಒಂದು ದಿನ ಆ ಬಂಡೆಗಳ ಮೇಲೆ ಮಲಗಿ ಎದ್ದಿರುತ್ತವೆ. ಎದ್ದಾಗ ಮೈ ಹಗುರವಾಗುವುದು ಸುಳ್ಳಲ್ಲ.

ಹಾಗಾದರೆ ಆ ಲಟಕ್ಕಿನ ಗುಟ್ಟೇನು? ನಮ್ಮ ಬೆನ್ನುಮೂಳೆಯಲ್ಲಿ ಹುಟ್ಟಿನಲ್ಲಿ ಮೂವತ್ತಮೂರು ಮಣಿಗಳಿರುತ್ತವೆ. ಕೆಳಗಿನ ಒಂಬತ್ತು ಬೆಸೆದುಕೊಂಡು ಉಳಿದ ಇಪ್ಪತ್ತನಾಲ್ಕು ಅಲುಗುವಂತಿರುತ್ತವೆ: ಕತ್ತಿನಲ್ಲಿ ಏಳು, ಎದೆಯ ಹಿಂದೆ ಹನ್ನೆರಡು, ಸೊಂಟದಲ್ಲಿ ಐದು. ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳು. ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಕೀಲುಗಳು. ಕೀಲಿನ ಚೀಲದೊಳಗೆ ಎಣ್ಣೆಯಂಥ ದ್ರವವಿದೆ. ಕೀಲನ್ನು ಥಟ್ಟನೆ ಎಳೆದಾಗ ಒಳಗಿನ ಒತ್ತಡ ಇಳಿದು ಆ ದ್ರವದಲ್ಲಿ ಅನಿಲದ ಪೊಳ್ಳೊಂದು ಮೂಡುತ್ತದೆ, ಸದ್ದು ಅದರದು. ಬೆರಳಿನ ನಟಿಕೆಯೂ ಇದೇ. 2015ರಲ್ಲಿ ಕೆನಡದ ಅಲ್ಬರ್ಟ ವಿಶ್ವವಿದ್ಯಾನಿಲಯದವರು ಬೆರಳನ್ನು ಯಂತ್ರದೊಳಗಿಟ್ಟು ಎಳೆದು ಆ ಪೊಳ್ಳು ಮೂಡುವುದನ್ನು ಚಿತ್ರ ಹಿಡಿದೇ ತೋರಿಸಿದರು. ಸರಿದ ಮೂಳೆ ಕೂತ ಸದ್ದು ಅದಲ್ಲವೆಂದಾಯಿತು. ಹಾಗಾದರೆ ಹಾಯೆನಿಸುವುದೇಕೆ? ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ. ಕೀಲಿನ ಚಲನೆ ಹೆಚ್ಚುತ್ತದೆ. ಜೊತೆಗೆ, ಇನ್ನೊಬ್ಬರ ಕೈ ನಮ್ಮ ನೋವಿನ ಜಾಗವನ್ನು ಕಂಡುಹಿಡಿದು ಮುಟ್ಟಿತೆಂಬ ನೆಮ್ಮದಿ. ಈ ಮೂರನೆಯದನ್ನು ಅಲ್ಪವೆಂದು ಎಣಿಸಬಾರದು.

ನಾಲ್ಕನೆಯ ದಿನ ಗೋಡೆ ಹಿಡಿದು ನಡೆಯುವಷ್ಟಾದಾಗ, ನಮ್ಮ ಬೀದಿಯ ತಿರುವಿನಲ್ಲಿರುವ ಫಿಸಿಯೋಥೆರಪಿಯ ಕೊಠಡಿಗೆ ಹೋದೆವು. ಅದನ್ನು ನಡೆಸುತ್ತಿರುವ ಹೆಣ್ಣುಮಗಳು ನಮ್ಮ ಶಿಷ್ಯೆಯಾಗುವ ವಯಸ್ಸಿನವರು. ಕೂರಿಸಿದೊಡನೆ ಬೆನ್ನು ಮುಟ್ಟಬಹುದೆಂದು ನಾವು ಎಣಿಸಿದ್ದೆವು. ಅವರು ಮುಟ್ಟಲಿಲ್ಲ, ಕಾಗದ ತೆಗೆದು ತಮಿಳಿನಲ್ಲಿ ಪ್ರಶ್ನೆ ಕೇಳತೊಡಗಿದರು. "ಅಯ್ಯಾ, ಬಿದ್ದಿರಾ? ಜ್ವರ ಉಂಟೇ? ತೂಕ ತಾನಾಗಿ ಇಳಿದಿದೆಯೇ? ಹಿಂದೆ ಗೆಡ್ಡೆ ಏನಾದರೂ ಆಗಿತ್ತೇ? ನೋವು ಕಾಲಿಗೆ ಇಳಿಯುತ್ತದೆಯೇ? ಕಾಲು ಜೋಮು ಹಿಡಿದಿದೆಯೇ? ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯುತ್ತದೆಯೇ? ಮೂತ್ರ ಸರಿಯಾಗಿ ಹೋಗುತ್ತಿದೆಯೇ?" ಕೊನೆಯ ಎರಡು ಪ್ರಶ್ನೆಗಳಿಗೆ ನಮಗೆ ಮುಖ ಕೆಂಪಾಯಿತು. ಬೆನ್ನುನೋವೆಂದು ಬಂದ ನಿವೃತ್ತ ಉಪಾಧ್ಯಾಯರನ್ನು ಕೇಳುವ ಮಾತೇ ಇದು ಎಂದುಕೊಂಡೆವು. ಎಲ್ಲಕ್ಕೂ ತೃಪ್ತಿಕರವಾದ ಉತ್ತರ ಬಂದಮೇಲೆಯೇ ಅವರು ಕೈ ಇಟ್ಟರು. ಸ್ವಲ್ಪ ಒತ್ತಿದರು, ಸ್ವಲ್ಪ ತಿರುವಿದರು. ಸಣ್ಣದೊಂದು ಸದ್ದೂ ಆಯಿತು. ಅದಕ್ಕೆ ಅವರು ಯಾವ ಮಹತ್ವವನ್ನೂ ಕೊಡಲಿಲ್ಲ. ಮೂರು ವ್ಯಾಯಾಮ ಹೇಳಿಕೊಟ್ಟು, "ಮಲಗಿರಬೇಡಿ, ದಿನಾ ನಡೆಯಿರಿ, ನಾನು ಮಾಡಿದ್ದು ಕಾಲುಭಾಗ, ನೀವು ಮಾಡಬೇಕಾದ್ದು ಮುಕ್ಕಾಲು" ಎಂದರು. ಮೂರು ವಾರದಲ್ಲಿ ನಮ್ಮ ಬೆನ್ನು ಮತ್ತೆ ಮೊದಲಿನ ಮೌನಕ್ಕೆ ಮರಳಿತು. ಇಂಥ ಸಾಮಾನ್ಯ ಬೆನ್ನುನೋವಿನ ಬಹುಪಾಲು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆಂದು ಆಮೇಲೆ ಓದಿದೆವು. ಹೀಗಿರುವಲ್ಲಿ, ಆ ವಾರಗಳಲ್ಲಿ ಯಾರು ಬೆನ್ನು ಮುಟ್ಟಿದರೋ ಅವರಿಗೆ ಕೀರ್ತಿ ಸಲ್ಲುವುದು ಸಹಜವೇ.

ನಮ್ಮ ಮಾತು ಇಲ್ಲಿಗೆ ಮುಗಿಯುವುದಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಗುಣವಾದ ರೋಗಿಗಿಂತ ಅಪಾಯಕಾರಿಯಾದ ವೈದ್ಯನಿಲ್ಲ. ನಾವು ವೈದ್ಯರಾದೆವು, ನಮಗೆ ಸಿಕ್ಕಿದ ರೋಗಿ ನಮ್ಮ ಅಣ್ಣ.

ಅಣ್ಣ ನಲವತ್ತಾರು ವರ್ಷ ಕುಣಿಮಗ್ಗದಲ್ಲಿ ಕೂತವನು. ಸೊಂಟದವರೆಗೆ ನೆಲದ ಕುಣಿ; ಕಾಲು ಕತ್ತಲಲ್ಲಿ ಹಲಗೆ ತುಳಿಯುತ್ತಿರಬೇಕು, ಕೈ ಬೆಳಕಿನಲ್ಲಿ ಲಾಳಿ ಹಾಯಿಸುತ್ತಿರಬೇಕು, ಬೆನ್ನು ಎರಡಕ್ಕೂ ನಡುವೆ ಬಿಲ್ಲಿನಂತೆ ಬಾಗಿರಬೇಕು. ಆ ದುಡಿಮೆಯಿಂದಲೇ ನಾವು ಓದಿದ್ದು. ನಾವು ಮಗ್ಗ ಬಿಟ್ಟದ್ದೂ ಅವನು ಬಿಡದೆ ಇದ್ದುದರಿಂದಲೇ. ಅವನ ಬೆನ್ನು ಇಪ್ಪತ್ತು ವರ್ಷಗಳಿಂದ ನೋಯುತ್ತಿತ್ತು. ಮನೆಯಲ್ಲಿ ಅದು ಗಡಿಯಾರದ ಸದ್ದಿನಂತೆ. ಇದೆಯೆಂದು ಎಲ್ಲರಿಗೂ ಗೊತ್ತು, ಕೇಳುವವರು ಯಾರೂ ಇಲ್ಲ. ಬೇಸಿಗೆಯ ಕೊನೆಗೆ ನೋವು ಎಡಗಾಲಿಗೆ ಇಳಿಯಿತು. ನಾವು ನಮ್ಮ ಹೊಸ ಪಾಂಡಿತ್ಯದ ಭರದಲ್ಲಿ ಅವನನ್ನು ಬಸ್ಸಿನಲ್ಲಿ ಹೊಗೆನಕಲ್ಲಿಗೆ ಕರೆದೊಯ್ದೆವು. ಮಾಲೀಸಾಯಿತು, ಸ್ನಾನವಾಯಿತು, ನದಿಯ ಮೀನಿನ ಊಟವೂ ಆಯಿತು. ಬಂಡೆಯ ಮೇಲೆ ಕೂತು ಮೈ ಒರಸಿಕೊಳ್ಳುತ್ತ ಅಣ್ಣ, "ಇಪ್ಪತ್ತು ವರ್ಷದ ಹಿಂದೆಯೇ ಬರಬೇಕಾಗಿತ್ತು, ತಮ್ಮಾ" ಎಂದನು. ಆ ಮುಖದ ಸುಖವನ್ನು ನಾವು ಮರೆತಿಲ್ಲ.

ಎರಡು ದಿನ ಕಳೆದು ನೋವು ಎರಡು ಕಾಲಿಗೂ ಇಳಿಯಿತು. ಎಣ್ಣೆ ಸಾಲದೆಂದು ನಾವೇ ತೀರ್ಮಾನಿಸಿ ಎರಡು ಹೊತ್ತೂ ನೀವಿದೆವು. ಮೂರನೆಯ ದಿನ ಬೆಳಗಿನ ಜಾವ ಮಗ್ಗದ ಕೋಣೆಯಿಂದ ಕರೆ ಕೇಳಿಸಿತು. ಹೋಗಿ ನೋಡಿದರೆ ಅಣ್ಣ ಕುಣಿಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕುಳಿತಿದ್ದಾನೆ. "ತಮ್ಮಾ, ಹಲಗೆ ಕಾಲಿಗೆ ತಿಳಿಯುತ್ತಿಲ್ಲ" ಎಂದನು.

ಪೇಟೆಯಲ್ಲಿ ಒಂದೇ ತಿರುವಿಗೆ ಬೆನ್ನು ಸರಿಪಡಿಸುವರೆಂದು ಹೆಸರಾದ ಒಬ್ಬರಿದ್ದರು. ಅಲ್ಲಿಗೆಂದೇ ಆಟೋ ತರಿಸಿದೆವು. ಅತ್ತಿಗೆ ಹಣದ ಚೀಲ ಕೊಟ್ಟು, "ಹುಷಾರಾಗಿ ಹೋಗಿಬನ್ನಿ" ಎಂದರು. ಆಟೋ ಬೀದಿಯ ತಿರುವಿಗೆ ಬಂದಾಗ ಆ ಫಿಸಿಯೋಥೆರಪಿಯ ಕೊಠಡಿ ಕಾಣಿಸಿತು. ಬಾಗಿಲು ಇನ್ನೂ ತೆರೆದಿರಲಿಲ್ಲ. ಬಾಗಿಲು ಕಂಡೊಡನೆ ನಮಗೆ ಮುಜುಗರ ತಂದಿದ್ದ ಆ ಎರಡು ಪ್ರಶ್ನೆಗಳು ನೆನಪಾದವು. ಅಣ್ಣ ನಮಗಿಂತ ಒಂಬತ್ತು ವರ್ಷಕ್ಕೆ ಹಿರಿಯ; ತಂದೆಯ ಸ್ಥಾನದಲ್ಲಿ ನಿಂತು ಸಾಕಿದವನು. ಅವನನ್ನು ಇಂಥ ಮಾತು ಕೇಳುವ ವಾಡಿಕೆ ನಮ್ಮ ಮನೆಯಲ್ಲಿಲ್ಲ. ತಲೆ ತಗ್ಗಿಸಿಕೊಂಡೇ ಕೇಳಿದೆವು. ಅವನು ಬಹಳ ಹೊತ್ತು ರಸ್ತೆಯ ಕಡೆ ನೋಡಿದನು. ಆಮೇಲೆ, "ನಿನ್ನೆ ಮಧ್ಯಾಹ್ನದಿಂದ ಆಗಿಲ್ಲ. ಹೇಗೆ ಹೇಳಲಿ?" ಎಂದನು. ಆಟೋವನ್ನು ದೊಡ್ಡ ಆಸ್ಪತ್ರೆಯ ಕಡೆ ತಿರುಗಿಸಿದೆವು.

ಚಿತ್ರ ತೆಗೆದು ನೋಡಿ ಅಂದು ರಾತ್ರಿಯೇ ಶಸ್ತ್ರಕ್ರಿಯೆ ಮಾಡಿದರು. ಮಣಿಗಳ ನಡುವಿನ ಬಿಲ್ಲೆಯೊಂದು ಒಡೆದು ಹಿಂದಕ್ಕೆ ಉಬ್ಬಿತ್ತಂತೆ. ಮಿದುಳುಬಳ್ಳಿ ಸೊಂಟದ ಮೇಲ್ಭಾಗದಲ್ಲೇ ಮುಗಿದು, ಅಲ್ಲಿಂದ ಕೆಳಗೆ ನರಗಳು ಗೊಂಚಲಾಗಿ ಇಳಿಯುತ್ತವೆ. ಅದಕ್ಕೆ ವೈದ್ಯರು ಕುದುರೆಯ ಬಾಲವೆಂದೇ ಹೆಸರಿಟ್ಟಿದ್ದಾರೆ. ಕಾಲಿನ ಶಕ್ತಿ, ಕೂರುವ ಜಾಗದ ಸ್ಪರ್ಶ, ಮಲಮೂತ್ರಗಳ ಹಿಡಿತ ಎಲ್ಲವೂ ಆ ಎಳೆಗಳಲ್ಲೇ ಇರುವುದು. ಉಬ್ಬಿದ ಬಿಲ್ಲೆ ಆ ಗೊಂಚಲನ್ನು ಹಿಸುಕುತ್ತಿತ್ತು. ಹಿಸುಕು ಬಿಡಿಸುವುದು ಬೇಗನಾದಷ್ಟೂ ಎಳೆಗಳು ಉಳಿಯುತ್ತವೆ. ಆಮೇಲೆ ಅಣ್ಣನಿಗೆ ಇದನ್ನು ವಿವರಿಸಿದಾಗ ಅವನು ಕೇಳಿ, "ಕುದುರೆಯ ಬಾಲವೇನು, ಹಾಸು ಮುಗಿದ ಮೇಲೆ ಮಗ್ಗದ ತುದಿಯಲ್ಲಿ ಉಳಿಯುವ ನೂಲು ಅನ್ನು" ಎಂದನು. ಆ ಉಪಮೆಯೇ ನಮಗೆ ಹೆಚ್ಚು ಒಪ್ಪುತ್ತದೆ.

ನಾವು ಮಾಡಿಸಿದ ಮಾಲೀಸಿನಿಂದ ಹೀಗಾಯಿತೇ ಎಂದು ಶಸ್ತ್ರವೈದ್ಯರನ್ನು ಕೇಳಿದೆವು. ಹಾಗೆ ಹೇಳಲಾರೆ, ಸವೆದ ಬಿಲ್ಲೆ ತಾನಾಗಿಯೂ ಒಡೆಯುತ್ತದೆ ಎಂದರು. ಸ್ವಲ್ಪ ತಡೆದು, "ಆದರೆ ಈ ಸ್ಥಿತಿಯಲ್ಲಿ ಯಾರಾದರೂ ಬೆನ್ನನ್ನು ತಿರುವಿದ್ದರೆ ಏನಾಗುತ್ತಿತ್ತೋ! ಮತ್ತೆ, ಒಂದು ದಿನ ಮುಂಚೆ ಬಂದಿದ್ದರೆ ಚೆನ್ನಾಗಿತ್ತು" ಎಂದರು. ಆ ಒಂದು ದಿನ ಎಲ್ಲಿ ಹೋಯಿತೆಂಬುದು ನಮಗೆ ಗೊತ್ತು. ಅದು ನಮ್ಮ ಎಣ್ಣೆಯ ಬಟ್ಟಲಿನಲ್ಲಿ ಹೋಯಿತು.

ಈ ಒಂದು ವರ್ಷದಲ್ಲಿ ನಮಗೆ ತಿಳಿದ ಸಂಗತಿ ಇಷ್ಟು. ಕೈಗೆಲಸ ಮೋಸವಲ್ಲ. ಜಗತ್ತಿನಲ್ಲಿ 2020ರಲ್ಲಿ 61 ಕೋಟಿ 90 ಲಕ್ಷ ಜನ ಸೊಂಟನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಹುದಿನದ ಸೊಂಟನೋವಿಗೆ ಆ ಸಂಸ್ಥೆ 2023ರಲ್ಲಿ ಮಾರ್ಗಸೂಚಿ ಹೊರಡಿಸಿತು. ನೋವಿನ ಬಗ್ಗೆ ರೋಗಿಗೆ ತಿಳಿವಳಿಕೆ, ವ್ಯಾಯಾಮ, ಬೆನ್ನೆಲುಬಿಗೆ ಕೈಯಿಂದ ಮಾಡುವ ಚಿಕಿತ್ಸೆ, ಮಾಲೀಸು ಇವೆಲ್ಲಕ್ಕೂ ಅಲ್ಲಿ ಸ್ಥಾನವಿದೆ. ಸೊಂಟಪಟ್ಟಿ, ಯಂತ್ರದಿಂದ ಎಳೆಯುವುದು, ಅಫೀಮಿನ ಜಾತಿಯ ಗುಳಿಗೆ ಇವು ಬೇಡವೆಂದಿದೆ. ಆದರೆ ಇದೆಲ್ಲ ಬೇರೆ ಕಾಯಿಲೆ ಅಡಗಿಲ್ಲದ ನೋವಿಗೆ ಹೇಳಿದ ಮಾತು. ಕೈ ಇಡುವ ಮುನ್ನ ಕೇಳಬೇಕಾದುದನ್ನು ಕೇಳಿಯೇ ಆಗಬೇಕು. ಬಿದ್ದು ಪೆಟ್ಟಾದವರು, ಮೂಳೆ ಸವೆದ ಮುದುಕರು, ಜ್ವರದೊಡನೆ ಬೆನ್ನುನೋವು ಬಂದವರು, ಹಿಂದೆ ಗೆಡ್ಡೆಯ ರೋಗವಾಗಿದ್ದವರು, ಕಾಲಿನ ಬಲ ಕುಂದಿದವರು ಮೊದಲು ವೈದ್ಯರ ಬಳಿಗೆ ಹೋಗಬೇಕು. ಮೂತ್ರ ಕಟ್ಟಿದರೆ ಅಥವಾ ಕೂರುವ ಜಾಗ ಮರಗಟ್ಟಿದರೆ ಅದು ನಾಳೆಗೆ ಇಡುವ ಕೆಲಸವಲ್ಲ, ಆ ಗಳಿಗೆಯದು. ಕ್ಷೌರದಂಗಡಿಯ ಪುಕ್ಕಟೆ ಲಟಕ್ಕನ್ನೂ ನಾವು ಬಿಟ್ಟಿದ್ದೇವೆ. ಕತ್ತಿನ ಮಣಿಗಳ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಕತ್ತನ್ನು ಥಟ್ಟನೆ ತಿರುವಿದಾಗ ಅವುಗಳ ಒಳಪದರ ಹರಿದು ಲಕ್ವ ಬಡಿದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅಪರೂಪವೇ ನಿಜ, ಆದರೆ ಒಂದು ಸದ್ದಿನ ಸುಖಕ್ಕೆ ಅಷ್ಟು ಬೆಲೆ ಕೊಡಲು ನಮಗೆ ಮನಸ್ಸಿಲ್ಲ.

ಒಳ್ಳೆಯ ಕೈ ಯಾವುದೆಂದು ಈಗ ಯಾರಾದರೂ ಕೇಳಿದರೆ, ಎಷ್ಟು ಜೋರಾಗಿ ಸದ್ದು ತರಿಸುತ್ತದೆಂದು ನಾವು ನೋಡುವುದಿಲ್ಲ. ಮುಟ್ಟುವ ಮುನ್ನ ಎಷ್ಟು ಹೊತ್ತು ಕೇಳುತ್ತದೆ, ಕೇಳಿದ ಮೇಲೆ ಬೇಕಾದರೆ ಹಿಂದಕ್ಕೆ ಸರಿಯುತ್ತದೆಯೇ ಎಂದು ನೋಡುತ್ತೇವೆ. ಡೇವನ್‌ಪೋರ್ಟಿನಲ್ಲಿ ಕಲಿತ ಕೈಯಾಗಲಿ, ಪುತ್ತೂರಿನ ಕೈಯಾಗಲಿ, ಹೊಗೆನಕಲ್ಲಿನ ಬಂಡೆಯ ಮೇಲಿನ ಕೈಯಾಗಲಿ, ಈ ಪರೀಕ್ಷೆ ಎಲ್ಲಕ್ಕೂ ಒಂದೇ. ಹಾಗೆಯೇ ರೋಗಿಯ ಕಡೆಯವರಿಗೂ ಒಂದು ಕರ್ತವ್ಯವುಂಟು. ನಮ್ಮ ಮನೆಗಳಲ್ಲಿ ಹಿರಿಯರು ಹೇಳಲು ನಾಚುತ್ತಾರೆ, ಕಿರಿಯರು ಕೇಳಲು ನಾಚುತ್ತಾರೆ. ಮರ್ಯಾದೆಯೆಂದು ನಾವು ಕರೆಯುವ ಆ ಮೌನ ಅಣ್ಣನ ಕಾಲಿನ ಒಂದಂಶವನ್ನು ತಿಂದಿತು.

ಅಣ್ಣನಿಗೆ ಮೂತ್ರದ ತೊಂದರೆ ಎರಡು ತಿಂಗಳಿನಲ್ಲಿ ಹೋಯಿತು. ಬಲಗಾಲು ಸರಿಯಾಗಿದೆ. ಎಡಪಾದ ಮಾತ್ರ ಇನ್ನೂ ಪೂರ್ತಿ ಮೇಲೇಳುವುದಿಲ್ಲ. ನಡೆಯುವಾಗ ನೆಲಕ್ಕೆ ತಗಲಿ ಸಣ್ಣಗೆ ಸದ್ದು ಮಾಡುತ್ತದೆ. ಬೀದಿಯ ತಿರುವಿನ ಆ ಹೆಣ್ಣುಮಗಳು ವಾರಕ್ಕೆರಡು ಸಲ ಮನೆಗೇ ಬಂದು ವ್ಯಾಯಾಮ ಮಾಡಿಸುತ್ತಾರೆ. ಕುಣಿಯ ಮೇಲೆ ಹಲಗೆ ಮುಚ್ಚಿದ್ದೇವೆ. ಅಣ್ಣ ಬೆಳಗ್ಗೆ ಜಗಲಿಯ ಕುರ್ಚಿಯಲ್ಲಿ ಕೂತು, ಇನ್ನೂ ನೇಯುತ್ತಿರುವ ಪಕ್ಕದ ಮನೆಯವರಿಗಾಗಿ ಲಾಳಿಯ ಕಡ್ಡಿಗಳಿಗೆ ನೂಲು ಸುತ್ತಿಕೊಡುತ್ತಾನೆ. ಸಂಜೆ ನಾವಿಬ್ಬರೂ ಚೌಡೇಶ್ವರಿಯ ಗುಡಿಯವರೆಗೆ ನಡೆದುಹೋಗಿ ಬರುತ್ತೇವೆ. ಹೊರಡುವ ಮುನ್ನ ನಾವು ದಿನವೂ ಕೇಳಬೇಕಾದುದನ್ನೆಲ್ಲ ಕೇಳುತ್ತೇವೆ. "ಆಯಿತು ಮಾಸ್ತರೇ, ಎಲ್ಲ ಸರಿಯಾಗಿದೆ, ನಡೆಯಿರಿ" ಎಂದು ಅವನು ನಗುತ್ತ ಕೋಲು ಹಿಡಿದು ಏಳುತ್ತಾನೆ.